ಕನೆಕ್ಷನ್ ಜೊತೆ ಕೊಟ್ಟ ಇಮೇಲ್: ಮುಂದೆ ಎಲ್ಲಿ ಇಡಬೇಕು?

ಪ್ರಶ್ನೆ: ನಾಗಸಂದ್ರ, ದಾಸರಹಳ್ಳಿ, ಪೀಣ್ಯದ ಸುತ್ತಮುತ್ತ ನಾವು ಇಂಟರ್ನೆಟ್ ಕೊಡುತ್ತೇವೆ. ಮೊದಲು ಕೇಬಲ್ ಟಿವಿ ಇತ್ತು, ಆಮೇಲೆ ಫೈಬರ್ ಎಳೆದೆವು. ಈಗ 4,200 ಕನೆಕ್ಷನ್ ಇವೆ. ಶುರುವಿನಿಂದಲೂ ಕೇಳಿದವರಿಗೆಲ್ಲ ನಮ್ಮದೇ ಡೊಮೈನ್‌ನಲ್ಲಿ ಇಮೇಲ್ ಮಾಡಿಕೊಟ್ಟಿದ್ದೇವೆ, ಅಂಥವು ಸುಮಾರು 900. ಪೀಣ್ಯದ 34 ಕಾರ್ಖಾನೆಗಳಿಗೆ ಅವರವರ ಡೊಮೈನ್‌ನಲ್ಲಿ ಇನ್ನೂ 210 ಮೇಲ್‌ಬಾಕ್ಸ್. ಎಲ್ಲವೂ ನಮ್ಮ ಆಫೀಸಿನಲ್ಲಿರುವ ಒಂದೇ ಸರ್ವರ್ ಮೇಲೆ, ಅದರಲ್ಲಿ ಜಿಂಬ್ರಾ 8.8.15 ಎಂಬ ಮೇಲ್ ಸಾಫ್ಟ್‌ವೇರ್ ಇದೆ. ಈಚೆಗೆ ಜಿಮೇಲ್‌ಗೆ, ಔಟ್‌ಲುಕ್‌ಗೆ ಕಳಿಸಿದ್ದೆಲ್ಲ ಸ್ಪ್ಯಾಮ್‌ಗೆ ಬೀಳುತ್ತಿದೆ. ಒಬ್ಬರು ಗೂಗಲ್ ವರ್ಕ್‌ಸ್ಪೇಸ್ ಅಂತಾರೆ, ಇನ್ನೊಬ್ಬರು ಜೋಹೊ ಅಂತಾರೆ, ನಮ್ಮ ಹುಡುಗ ಸ್ವಂತ ಸರ್ವರ್ ಮೇಲೆಯೇ ಮೇಲ್‌ಕೌ ಎಂಬ ಉಚಿತ ಮೇಲ್ ಸಾಫ್ಟ್‌ವೇರ್ ಹಾಕೋಣ ಅಂತಾನೆ. ಇರುವುದು ಇಬ್ಬರೇ ಟೆಕ್ನಿಷಿಯನ್‌ಗಳು. ಯಾವುದನ್ನು ಹಿಡಿಯಬೇಕು ಸರ್?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಕೆಲಸಗಳು ಒಂದೇ ಗಂಟಿನಲ್ಲಿವೆ. ಕಾರ್ಖಾನೆಗಳ 210 ಮೇಲ್‌ಬಾಕ್ಸ್ ಒಂದು ಕೆಲಸ. ನಿಮ್ಮ ಡೊಮೈನ್‌ನಲ್ಲಿರುವ 900 ಇನ್ನೊಂದು. ಎರಡಕ್ಕೂ ಒಂದೇ ವೇದಿಕೆ ಹುಡುಕಲು ಹೊರಟಿದ್ದೀರಿ, ಅದಕ್ಕೇ ಮೂರು ಜನ ಮೂರು ಹೆಸರು ಹೇಳುತ್ತಿದ್ದಾರೆ, ಮೂವರ ಮಾತೂ ಅರ್ಧರ್ಧ ಸರಿ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕಾರ್ಖಾನೆಗಳನ್ನು ಗೂಗಲ್, ಜೋಹೊದಂಥ ಹೊರಗಿನ ಸೇವೆಗೆ ಕಳಿಸಿ, ಬಿಲ್ಲೂ ಡೊಮೈನೂ ಅವರ ಹೆಸರಲ್ಲೇ ಇರಲಿ. ನಿಮ್ಮ ಡೊಮೈನ್‌ನಲ್ಲಿ ಹೊಸ ಮೇಲ್‌ಬಾಕ್ಸ್ ಕೊಡುವುದನ್ನು ಇವತ್ತೇ ನಿಲ್ಲಿಸಿ. ಹಳೆಯವನ್ನು ಮಾತ್ರ ಒಂದು ಸಣ್ಣ, ಗಟ್ಟಿಯಾದ ಸರ್ವರ್ ಮೇಲೆ ಕೊನೆಯವರೆಗೂ ಕಾಪಾಡಿ.

ಯಾಕೆ ಹೀಗೆ ಎಂದು ವಿವರಿಸುತ್ತೇನೆ. ಆದರೆ ಅದಕ್ಕೂ ಮೊದಲು ಸ್ಪ್ಯಾಮ್ ವಿಷಯ. ಅದು ವೇದಿಕೆ ಬದಲಿಸಿದ ಮಾತ್ರಕ್ಕೆ ಹೋಗುವ ರೋಗವಲ್ಲ.

ನಿಮ್ಮಂಥ ಆಪರೇಟರ್‌ಗಳಲ್ಲಿ ಬಹುತೇಕರ ಕೈಲಿರುವುದು ಐಪಿ ವಿಳಾಸ ಹಂಚುವ ಭಾರತದ ಸಂಸ್ಥೆ ಐರಿನ್‌ನಿಂದ ಪಡೆದ ಒಂದು ಸ್ಲ್ಯಾಷ್ 24, ಅಂದರೆ 256 ಐಪಿ ವಿಳಾಸ. 4,200 ಮನೆಗಳಿಗೆ ಅಷ್ಟು ಸಾಲದು, ಹಾಗಾಗಿ ನ್ಯಾಟ್ ಎಂಬ ಹಂಚಿಕೆ ವ್ಯವಸ್ಥೆ ಹಾಕಿ ಒಂದೊಂದು ಐಪಿಯ ಹಿಂದೆ ಹತ್ತಾರು ಮನೆ ಕೂರಿಸಿರುತ್ತೀರಿ. ಅದೇ 256ರೊಳಗೆ ನಿಮ್ಮ ಮೇಲ್ ಸರ್ವರ್ ಕೂಡ ಕುಳಿತಿರುತ್ತದೆ. ಯಾರದೋ ಮನೆಯ ವೈರಸ್ ಹೊಕ್ಕ ಕಂಪ್ಯೂಟರೋ, ಚೀಪ್ ಸಿಸಿಟಿವಿ ಬಾಕ್ಸೋ ರಾತ್ರಿಯಿಡೀ ಪೋರ್ಟ್ 25ರಲ್ಲಿ, ಅಂದರೆ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ಬಾಗಿಲಲ್ಲಿ, ಸ್ಪ್ಯಾಮ್ ಉಗುಳುತ್ತಿದ್ದರೆ, ಎದುರುಗಡೆಯ ಜಿಮೇಲ್, ಮೈಕ್ರೋಸಾಫ್ಟ್‌ನ ಕಣ್ಣಿಗೆ ಆ ಇಡೀ ಬೀದಿಗೇ ಕೆಟ್ಟ ಹೆಸರು. ಅದೇ ಬೀದಿಯಲ್ಲಿ ನಿಮ್ಮ ಸರ್ವರ್‌ನ ಮನೆಯೂ ಇದೆ.

ಆದ್ದರಿಂದ ಮೊದಲ ವಾರದ ಕೆಲಸ ಹೊಸ ಸಾಫ್ಟ್‌ವೇರ್ ತರುವುದಲ್ಲ. ಮನೆ ಗ್ರಾಹಕರಿಂದ ಹೊರಗೆ ಹೋಗುವ ಪೋರ್ಟ್ 25 ಮುಚ್ಚಿ. ಅವರು ಮೇಲ್ ಕಳಿಸಲು ಬಳಸಬೇಕಾದ್ದು 587 ಮತ್ತು 465, ಅವು ತೆರೆದೇ ಇರಲಿ. 25 ಮುಚ್ಚಿದರೆ ಒಬ್ಬಿಬ್ಬರು ಫೋನ್ ಮಾಡಬಹುದು, ಆಫೀಸಿನಲ್ಲಿ ಸ್ವಂತ ಸರ್ವರ್ ಇಟ್ಟವರು. ಅವರಿಗೆ ಸ್ಟ್ಯಾಟಿಕ್ ಐಪಿ ಕೊಟ್ಟು ಅದೊಂದಕ್ಕೆ ತೆರೆಯಿರಿ. ಗ್ರಾಹಕರ ಐಪಿಗಳನ್ನು, ಸ್ಪ್ಯಾಮ್ ಮೂಲಗಳ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಾಲಿಸಿ ಪಟ್ಟಿಗೆ ನೀವೇ ಸೇರಿಸಬಹುದು, 'ಇಲ್ಲಿಂದ ನೇರವಾಗಿ ಮೇಲ್ ಬರಕೂಡದು' ಎಂದು ಐಎಸ್‌ಪಿಯೇ, ಅಂದರೆ ಇಂಟರ್ನೆಟ್ ಕೊಡುವವರೇ, ಸಾರುವ ಪಟ್ಟಿ ಅದು. ಮೇಲ್ ಸರ್ವರ್‌ಗೆ ಆ ಗುಂಪಿನಿಂದ ಆಚೆಗೊಂದು ಐಪಿ ಕೊಡಿ, ರಿವರ್ಸ್ ಡಿಎನ್‌ಎಸ್, ಅಂದರೆ ಆ ಐಪಿ ಯಾವ ಹೆಸರಿನದು ಎಂದು ತಿಳಿಸುವ ದಾಖಲೆ, ಸರಿಯಾಗಿ ಬರೆಯಿರಿ. ರಿವರ್ಸ್ ಡಿಎನ್‌ಎಸ್ ನಿಮ್ಮ ಕೈಯಲ್ಲೇ ಇದೆ ಎಂಬುದು ಸಣ್ಣ ಮಾತಲ್ಲ. ಕ್ಲೌಡ್‌ನಲ್ಲಿ ಬಾಡಿಗೆ ಸರ್ವರ್ ತೆಗೆದುಕೊಂಡವರಿಗೆ ಹಲವು ಕಡೆ ಪೋರ್ಟ್ 25 ತೆರೆಸುವುದೇ ಒಂದು ಹೋರಾಟ, ಗೂಗಲ್ ಕ್ಲೌಡ್‌ನಲ್ಲಂತೂ ಹೊರಹೋಗುವ 25 ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ.

ಆಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಮೇಲ್ ನಿಜಕ್ಕೂ ಆ ಡೊಮೈನ್‌ನವರೇ ಕಳಿಸಿದ್ದು ಎಂದು ತೋರಿಸುವ ದಾಖಲೆಗಳು ಇವು: ಯಾವ ಸರ್ವರ್ ಕಳಿಸಬಹುದು ಎನ್ನುವುದು ಎಸ್‌ಪಿಎಫ್, ಮೇಲ್‌ಗೆ ಹಾಕುವ ಸಹಿ ಡಿಕಿಮ್, ಎರಡೂ ತಪ್ಪಿದರೆ ಏನು ಮಾಡಬೇಕು ಎನ್ನುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿವೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ. ಅದಕ್ಕಿಂತ ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು, ರಿವರ್ಸ್ ಡಿಎನ್‌ಎಸ್ ಬೇಕು, ಸ್ಪ್ಯಾಮ್ ದೂರು ಶೇ 0.3ರ ಕೆಳಗಿರಬೇಕು. ಮೈಕ್ರೋಸಾಫ್ಟ್ 2025ರ ಮೇ ತಿಂಗಳಿಂದ ಇದೇ ದಾರಿ ಹಿಡಿಯಿತು. ನಿಮ್ಮ 34 ಕಾರ್ಖಾನೆಗಳ ಡೊಮೈನ್‌ಗಳಲ್ಲಿ ಎಷ್ಟಕ್ಕೆ ಡಿಕಿಮ್ ಇದೆ ಎಂದು ಇವತ್ತು ಸಂಜೆಯೇ ನೋಡಿ. ಇಂಥ ಕಡೆ ನಾನು ಹೋದಾಗಲೆಲ್ಲ ಐಎಸ್‌ಪಿಯ ಡೊಮೈನ್‌ಗೆ ಇರುತ್ತದೆ, ಗ್ರಾಹಕರ ಡೊಮೈನ್‌ಗಳಿಗೆ ಹಾಕುವುದನ್ನು ಮರೆತಿರುತ್ತಾರೆ. ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್, ಮೈಕ್ರೋಸಾಫ್ಟ್‌ನ ಎಸ್‌ಎನ್‌ಡಿಎಸ್ ಎರಡೂ ಪುಕ್ಕಟೆ. ನೋಂದಾಯಿಸಿಕೊಂಡರೆ ಅವರ ಕಣ್ಣಲ್ಲಿ ನಿಮ್ಮ ಮೇಲ್ ಹೇಗಿದೆ ಎಂದು ತಿಳಿಯುತ್ತದೆ.

ಈಗ ಕಾರ್ಖಾನೆಗಳ ಮಾತು. ಪೀಣ್ಯದ ಎರಡನೇ ಹಂತದಲ್ಲಿ ನಾನು ನೋಡಿದ ಒಂದು ಲೇತ್ ವರ್ಕ್‌ಶಾಪ್ ಹೇಳುತ್ತೇನೆ. ಕೆಳಗೆ ಯಂತ್ರಗಳು, ಮೇಲೆ ಮರದ ಪಾರ್ಟಿಷನ್ ಹಾಕಿದ ಪುಟ್ಟ ಆಫೀಸು. ಅಕೌಂಟೆಂಟ್ ಮೇಡಂ ಒಬ್ಬರೇ ಕುಳಿತಿರುತ್ತಾರೆ. ಅವರ ಕಂಪ್ಯೂಟರ್‌ನಲ್ಲಿ ಹಳೆಯ ಔಟ್‌ಲುಕ್, ಪಾಪ್ ಸೆಟ್ಟಿಂಗ್. ಸರ್ವರ್‌ನಲ್ಲಿ ಪ್ರತಿ ಬಿಡುವುದಿಲ್ಲ, ಎಲ್ಲವೂ ಆ ಒಂದು ಡಿಸ್ಕ್‌ಗೆ ಇಳಿಯುತ್ತದೆ. ಮಾನಿಟರ್‌ನ ಅಂಚಿಗೆ ಹಳದಿ ಚೀಟಿ ಅಂಟಿಸಿದ್ದರು, ಅದರ ಮೇಲೆ ಇಮೇಲ್ ಪಾಸ್‌ವರ್ಡ್. ಜಿಎಸ್‌ಟಿ ಪೋರ್ಟಲ್‌ನ ಒಟಿಪಿ ಆ ಇಮೇಲ್‌ಗೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಅದಕ್ಕೇ. ಪಿಎಫ್ ಕೆಲಸಕ್ಕೂ ಅದೇ ಇಮೇಲ್. ಹೊಸೂರಿನ ದೊಡ್ಡ ಕಂಪನಿಯ ಪರ್ಚೇಸ್ ಆರ್ಡರ್ ಬರುವುದೂ ಅಲ್ಲಿಗೇ, ಪಿಡಿಎಫ್‌ನಲ್ಲಿ, ಡ್ರಾಯಿಂಗ್ ಸಮೇತ. 'ಈ ಮೇಲ್ ಒಂದು ದಿನ ನಿಂತರೆ ಏನಾಗುತ್ತೆ ಮೇಡಂ?' ಎಂದು ಕೇಳಿದೆ. ಅವರು ಕೆಳಗಿನ ಯಂತ್ರಗಳ ಕಡೆ ಕೈ ತೋರಿಸಿದರು. 'ಅವು ನಿಲ್ಲುತ್ತೆ ಸರ್' ಎಂದರು.

ಇಂಥವರ ಮೇಲ್ ನಿಮ್ಮ ಆಫೀಸಿನ ಒಂದೇ ಸರ್ವರ್ ಮೇಲೆ ಇರಬಾರದು. ಯುಪಿಎಸ್ ಬ್ಯಾಟರಿ ಸತ್ತಿದ್ದ ದಿನ ಕರೆಂಟ್ ಹೋಗುತ್ತದೆ, ರಸ್ತೆ ಅಗೆದವರು ನಿಮ್ಮ ಅಪ್‌ಲಿಂಕ್ ಫೈಬರನ್ನೇ ಕತ್ತರಿಸುತ್ತಾರೆ, ಆ ಹೊತ್ತಿಗೆ ನಿಮ್ಮ ಇಬ್ಬರು ಹುಡುಗರು ಕಂಬದ ಮೇಲೆ ಫೈಬರ್ ಜೋಡಿಸುತ್ತಿರುತ್ತಾರೆ. ಗೂಗಲ್, ಮೈಕ್ರೋಸಾಫ್ಟ್, ಜೋಹೊ, ಈ ಮೂರರಲ್ಲಿ ಯಾವುದಾದರೂ ಈ 210 ಮೇಲ್‌ಬಾಕ್ಸ್‌ಗಳನ್ನು ನಿಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತದೆ. ಇದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಮೂರರಲ್ಲಿ ಯಾವುದು? ಎಕ್ಸೆಲ್, ವರ್ಡ್ ಇಲ್ಲದೆ ದಿನ ಕಳೆಯದ ಕಾರ್ಖಾನೆಗೆ ಮೈಕ್ರೋಸಾಫ್ಟ್. ಹುಡುಗರೆಲ್ಲ ಮೊಬೈಲ್‌ನಲ್ಲೇ ಕೆಲಸ ಮಾಡುವ ಕಡೆ ಗೂಗಲ್. ಬರೀ ಮೇಲ್ ಸಾಕು, ತಲೆಗೆ ಬೀಳುವ ಖರ್ಚು ಕಡಿಮೆ ಇರಲಿ ಎನ್ನುವವರಿಗೆ ಜೋಹೊ. ಅದರ ಡೇಟಾ ಸೆಂಟರ್‌ಗಳು ಮುಂಬೈ, ಚೆನ್ನೈನಲ್ಲಿವೆ, ಡೇಟಾ ದೇಶದೊಳಗೇ ಇರಬೇಕು ಎಂದು ಕೇಳುವ ಗ್ರಾಹಕರಿಗೆ ಉತ್ತರ ಸುಲಭ. ಒಂದೇ ಕಂಪನಿಯಲ್ಲಿ ಮಾಲೀಕರಿಗೆ ದೊಡ್ಡ ಪ್ಲ್ಯಾನ್, ಸ್ಟೋರ್ಸ್‌ನವರಿಗೆ ಚಿಕ್ಕ ಪ್ಲ್ಯಾನ್ ಕೊಡಲು ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕ್ಯಾಲೆಂಡರ್, ಚಾಟ್, ವಿಡಿಯೋ ಮೀಟಿಂಗ್ ಪಟ್ಟಿ ನೋಡಿ ಆರಿಸಲು ಹೋಗಬೇಡಿ. ಆ ಪಟ್ಟಿ ಮೂವರದ್ದೂ ಉದ್ದವೇ.

ನಾನು ಹಟ ಹಿಡಿದು ಹೇಳುವುದು ಒಂದೇ: ಡೊಮೈನ್ ನೋಂದಣಿ ಕಾರ್ಖಾನೆಯವರ ಹೆಸರಿನಲ್ಲಿ, ಅವರ ಫೋನ್ ನಂಬರ್‌ಗೆ ಇರಬೇಕು. ಅಡ್ಮಿನ್ ಅಕೌಂಟ್ ಅವರದೇ ಆಗಿರಬೇಕು, ನಿಮಗೆ ಅದರಲ್ಲಿ ಎರಡನೇ ಅಡ್ಮಿನ್ ಜಾಗ ಸಾಕು. ನೀವು ರೀಸೆಲ್ಲರ್ ಆಗಿ, ಸೆಟಪ್‌ಗೆ, ವರ್ಷದ ಸಪೋರ್ಟ್‌ಗೆ ದುಡ್ಡು ತೆಗೆದುಕೊಳ್ಳಿ, ಅದು ನ್ಯಾಯವಾದ ದುಡಿಮೆ. ನಾಳೆ ಅವರು ಬೇರೆ ಇಂಟರ್ನೆಟ್ ಹಾಕಿಸಿಕೊಂಡರೂ ಮೇಲ್ ಅವರ ಜೊತೆ ಹೋಗಬೇಕು. ಡೊಮೈನನ್ನು ಒತ್ತೆ ಇಟ್ಟುಕೊಂಡು ಗ್ರಾಹಕರನ್ನು ಉಳಿಸಿಕೊಂಡವರನ್ನು ಈ ಊರಿನಲ್ಲಿ ನೋಡಿದ್ದೇನೆ. ಆ ಗ್ರಾಹಕರ ಸಂಕಟವನ್ನೂ ಎದುರು ಕೂತು ಕೇಳಿದ್ದೇನೆ.

ಇನ್ನು ಆ 900. ಕಷ್ಟ ಇಲ್ಲೇ.

ಕನೆಕ್ಷನ್ ಜೊತೆ ಇಮೇಲ್ ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. 1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಶುರು ಮಾಡಿದ ಕಾಲದಲ್ಲಿ ಜಿಮೇಲ್ ಹುಟ್ಟಿರಲಿಲ್ಲ. ಇಮೇಲ್ ಬೇಕೆಂದರೆ ಕನೆಕ್ಷನ್ ಕೊಟ್ಟವರೇ ಕೊಡಬೇಕಿತ್ತು. ಆ ಕಾಲ ಹೋಯಿತು. ನಿಮಗಿಂತ ಸಾವಿರ ಪಟ್ಟು ದೊಡ್ಡ ಕಂಪನಿಗಳೇ ಈ ಕೆಲಸದಿಂದ ಕೈ ತೊಳೆದುಕೊಂಡಿವೆ. ಅಮೆರಿಕದ ವೆರೈಜನ್ 2017ರಲ್ಲಿ ಬಿಟ್ಟಿತು. ಅದೇ ವರ್ಷ ನ್ಯೂಜಿಲೆಂಡಿನ ವೊಡಾಫೋನ್ ತನ್ನ ಮೇಲ್ ಸೇವೆಯನ್ನೇ ಮುಚ್ಚಿತು. ಅಮೆರಿಕದ ಇನ್ನೊಂದು ಕಂಪನಿ ಕಾಕ್ಸ್ 2019ರಲ್ಲಿ ಹೊಸ ವಿಳಾಸ ಕೊಡುವುದನ್ನು ನಿಲ್ಲಿಸಿ, 2024ರಲ್ಲಿ ಹಳೆಯವನ್ನು ಯಾಹೂಗೆ ದಾಟಿಸಿತು. ಈ ಮೂರರಲ್ಲಿ ಕಾಕ್ಸ್ ಹಿಡಿದ ದಾರಿ ನನಗೆ ಮೆಚ್ಚುಗೆ: ಮೊದಲು ಬಾಗಿಲು ಹಾಕಿ, ಒಳಗಿದ್ದವರನ್ನು ಆಮೇಲೆ ಸಾಗಿಸುವುದು.

ನೀವೂ ಅಷ್ಟೇ ಮಾಡಿ. ಹೊಸಬರಿಗೆ ಬೇಡ. ಆದರೆ ಹಳಬರ ವಿಳಾಸವನ್ನು ಎಂದಿಗೂ ಸಾಯಿಸಬೇಡಿ. ಆ 900ರಲ್ಲಿ ನಿವೃತ್ತ ಮೇಷ್ಟ್ರಿರುತ್ತಾರೆ, ಪೆನ್ಷನ್ ಬ್ಯಾಂಕಿಗೆ ಆ ವಿಳಾಸವನ್ನೇ ಕೊಟ್ಟಿರುತ್ತಾರೆ. ಅಮೆರಿಕದಲ್ಲಿರುವ ಮಗಳು ಫೋಟೋ ಕಳಿಸುವುದು ಅಲ್ಲಿಗೇ ಇರಬಹುದು. ಇನ್ನೊಂದು ಅಪಾಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಸೇವೆ ಮುಚ್ಚಿ ಡೊಮೈನ್ ನವೀಕರಿಸದೆ ಬಿಟ್ಟರೆ, ಯಾರು ಬೇಕಾದರೂ ಅದನ್ನು ಕೊಂಡು, ನಿಮ್ಮ ಹಳೆಯ ಗ್ರಾಹಕರ ಹೆಸರಿನಲ್ಲಿ ಮೇಲ್‌ಬಾಕ್ಸ್ ತೆರೆದು, ಅವರ ಬ್ಯಾಂಕ್ ಪಾಸ್‌ವರ್ಡ್ ರೀಸೆಟ್ ಮಾಡಿಸಿಕೊಳ್ಳಬಹುದು. ನಿಮ್ಮದು .ಇನ್ ಆಗಿದ್ದರೆ 10 ವರ್ಷಕ್ಕೆ ಒಟ್ಟಿಗೇ ನವೀಕರಿಸಬಹುದು. ಈ ತಿಂಗಳೇ ಮಾಡಿಬಿಡಿ. ಕಂಪನಿಯನ್ನು ಮುಂದೆ ಯಾರಿಗಾದರೂ ಮಾರಿದರೂ ಒಪ್ಪಂದದಲ್ಲಿ ಈ ಡೊಮೈನ್‌ನ ಹೊಣೆ ಬರೆಸಿ.

900 ಎಂದು ನೀವು ಬರೆದಿದ್ದೀರಿ, ನಿಜವಾಗಿ ಬಳಕೆಯಲ್ಲಿರುವುದು ಎಷ್ಟು? ಜಿಂಬ್ರಾ ಪ್ರತಿ ಅಕೌಂಟಿನ ಕೊನೆಯ ಲಾಗಿನ್ ದಿನಾಂಕ ಇಟ್ಟಿರುತ್ತದೆ, ಒಂದು ಕಮಾಂಡ್‌ನಲ್ಲಿ ಪಟ್ಟಿ ಬರುತ್ತದೆ. ಎರಡು ಎಚ್ಚರಿಕೆ. ಆ ದಿನಾಂಕ ಸಾಮಾನ್ಯವಾಗಿ ವಾರಕ್ಕೊಮ್ಮೆ ಮಾತ್ರ ಬದಲಾಗುತ್ತದೆ, ನಾಲ್ಕೈದು ದಿನ ಹಳೆಯದು ಕಂಡರೆ ಗಾಬರಿ ಬೇಡ. ಮತ್ತೆ, ಎಲ್ಲೋ ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಫೋನು ಐದು ನಿಮಿಷಕ್ಕೊಮ್ಮೆ ಲಾಗಿನ್ ಆಗುತ್ತಿದ್ದರೆ ಅದೂ ಜೀವಂತ ಎಂದೇ ತೋರುತ್ತದೆ. ಹಾಗಾಗಿ ಮೇಲ್ ಕಳಿಸಿದ ಲಾಗ್ ಜೊತೆಗೂ ಹೋಲಿಸಿ. ವರ್ಷದಿಂದ ಯಾರೂ ಮುಟ್ಟದ ಮೇಲ್‌ಬಾಕ್ಸ್‌ಗಳನ್ನು ಅಳಿಸಬೇಡಿ, ಕಳಿಸುವ ಹಕ್ಕು ಮಾತ್ರ ತೆಗೆಯಿರಿ. ಕಳ್ಳರಿಗೆ ಬೇಕಾಗುವುದು ಇಂಥ ಯಾರೂ ನೋಡದ ಅಕೌಂಟುಗಳೇ.

ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸಣ್ಣ ಐಎಸ್‌ಪಿಯ ಮೇಲ್ ನಾನೇ ನೋಡಿಕೊಳ್ಳುತ್ತಿದ್ದ ಕಾಲ. ಸೋಮವಾರ ಬೆಳಿಗ್ಗೆ ಏಳೂವರೆಗೆ ಸರ್ವರ್ ತೆರೆದು ಕ್ಯೂ, ಅಂದರೆ ಹೊರಹೋಗಲು ಕಾದಿರುವ ಮೇಲ್‌ಗಳ ಸಾಲು, ನೋಡಿದರೆ ಅರವತ್ತು ಸಾವಿರಕ್ಕೂ ಮೇಲೆ ಮೇಲ್ ಕುಳಿತಿವೆ. ಎಲ್ಲದರ ಕಳಿಸುವವರ ಹೆಸರೂ ಒಂದೇ, ಎಷ್ಟೋ ತಿಂಗಳಿಂದ ಯಾರೂ ಬಳಸದ ಒಂದು ಅಕೌಂಟ್. ಪಾಸ್‌ವರ್ಡ್ ಅವರ ಹೆಸರು ಮತ್ತು 123. ಶನಿವಾರ ರಾತ್ರಿಯಿಂದ ಹರಿದಿತ್ತು. ಕ್ಯೂ ಖಾಲಿ ಮಾಡಿದೆ, ಪಾಸ್‌ವರ್ಡ್ ಬದಲಿಸಿದೆ. ಆದರೆ ಐಪಿ ಆಗಲೇ ಮೂರು ಬ್ಲಾಕ್‌ಲಿಸ್ಟ್‌ಗಳಲ್ಲಿ ಸೇರಿತ್ತು, ಹೊರಬರಲು ದಿನಗಳೇ ಹಿಡಿದವು. ಆ ನಡುವೆ ಒಬ್ಬ ಗ್ರಾಹಕರ ಟೆಂಡರ್ ಪತ್ರ ಗಡುವಿನೊಳಗೆ ತಲುಪಲಿಲ್ಲ. ಅವರು ನನ್ನನ್ನು ಬೈಯಲಿಲ್ಲ, ಸುಮ್ಮನೆ ಫೋನ್ ಇಟ್ಟರು. ಒಬ್ಬರು ಗಂಟೆಗೆ ಎಷ್ಟು ಮೇಲ್ ಕಳಿಸಬಹುದು ಎಂಬ ಮಿತಿಯನ್ನೇ ನಾನು ಹಾಕಿರಲಿಲ್ಲ. ಹತ್ತು ನಿಮಿಷದ ಕೆಲಸ ಅದು.

ಆದ್ದರಿಂದ ನೀವು ಯಾವ ವೇದಿಕೆ ನೋಡಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಪ್ರತಿ ಬಳಕೆದಾರರಿಗೆ ಹೊರಹೋಗುವ ಮಿತಿ ಹಾಕಬಹುದೇ, ಮಿತಿ ದಾಟಿದರೆ ನನ್ನ ಫೋನಿಗೆ ಸಂದೇಶ ಬರುತ್ತದೆಯೇ? ಮನೆ ಬಳಕೆದಾರರಿಗೆ ಗಂಟೆಗೆ 50 ಧಾರಾಳ. ಒಳಗೆ ಬರುವ ಸ್ಪ್ಯಾಮ್ ತಡೆಯುವುದರ ಬಗ್ಗೆ ಮಾರುವವರು ಗಂಟೆಗಟ್ಟಲೆ ಮಾತಾಡುತ್ತಾರೆ. ನಿಮ್ಮನ್ನು ಮುಳುಗಿಸುವುದು ಹೊರಗೆ ಹೋಗುವ ಸ್ಪ್ಯಾಮ್.

ಜಿಂಬ್ರಾದಲ್ಲೇ ಇರಬಹುದೇ? ಬೇಡ. 8.8.15ಕ್ಕೆ ಬೆಂಬಲ 2023ರ ಡಿಸೆಂಬರ್‌ನಲ್ಲೇ ಮುಗಿಯಿತು. ಆಮೇಲಿನ ಆವೃತ್ತಿಗಳನ್ನು ಉಚಿತವಾಗಿ ಬಳಸಬೇಕೆಂದರೆ ಸೋರ್ಸ್‌ನಿಂದ ನೀವೇ ಕಟ್ಟಿಕೊಳ್ಳಬೇಕು, ಇಲ್ಲವೇ ಬೇರೆಯವರು ಕಟ್ಟಿದ್ದನ್ನು ನಂಬಬೇಕು. 2022ರಲ್ಲಿ ಜಿಂಬ್ರಾದ ಲೋಪಗಳನ್ನು ಹಿಡಿದು ಜಗತ್ತಿನಾದ್ಯಂತ ಸರ್ವರ್‌ಗಳಿಗೆ ನುಗ್ಗಿದ್ದರು. ಇನ್ನು ಮುಂದೆ ಸಿಗುವ ಲೋಪಕ್ಕೆ ನಿಮ್ಮ ಆವೃತ್ತಿಗೆ ತೇಪೆ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ.

900ನ್ನೂ ಹೊರಗಿನ ಸೇವೆಗೆ ಕಳಿಸಿದರೆ? ಲೆಕ್ಕ ಹಾಕಲು ತಲೆಗೆ ತಿಂಗಳಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 10,80,000. ಗ್ರಾಹಕರಿಂದ ಇದಕ್ಕೆ ಒಂದು ಪೈಸೆ ಬರುವುದಿಲ್ಲ. ದುಡ್ಡಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಜಿಂಬ್ರಾದಲ್ಲಿ ಪಾಸ್‌ವರ್ಡ್ ಇರುವುದು ಹ್ಯಾಶ್ ರೂಪದಲ್ಲಿ, ಮೂಲ ಪಾಸ್‌ವರ್ಡ್ ನಿಮಗೂ ಕಾಣುವುದಿಲ್ಲ. ದೊಡ್ಡ ಸೇವೆಗೆ ಹೋದರೆ ಪ್ರತಿಯೊಬ್ಬರಿಗೂ ಹೊಸ ಪಾಸ್‌ವರ್ಡ್, ಪ್ರತಿ ಫೋನಿನಲ್ಲೂ ಹೊಸ ಸರ್ವರ್ ಹೆಸರು. ಎಪ್ಪತ್ತರ ಅಜ್ಜನ ಮನೆಗೆ ನಿಮ್ಮ ಹುಡುಗ ಹೋಗಿಯೇ ಮಾಡಬೇಕು. ಅದೇ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ಎಂಬ ಉಚಿತ ಸಾಫ್ಟ್‌ವೇರ್‌ಗಳ ಮೇಲೆ ನಿಂತ ಸರ್ವರ್‌ಗೆ ಹೋದರೆ ಜಿಂಬ್ರಾದ ಹ್ಯಾಶನ್ನು ಡವ್‌ಕಾಟ್ ಹಾಗೆಯೇ ಓದಬಲ್ಲದು. ಸರ್ವರ್ ಹೆಸರೂ ಅದೇ ಉಳಿಸಬಹುದು. ಅಜ್ಜನಿಗೆ ಏನೂ ಗೊತ್ತೇ ಆಗುವುದಿಲ್ಲ.

ಹಾಗಾಗಿ ಈ 900ರ ಮಟ್ಟಿಗೆ ನಿಮ್ಮ ಹುಡುಗನ ಮಾತು ಸರಿ. ಮೇಲ್‌ಕೌ ಒಳಗಿರುವುದು ಪೋಸ್ಟ್‌ಫಿಕ್ಸ್, ಡವ್‌ಕಾಟ್, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ ಮೂರೂ, ಬಳಕೆದಾರರ ಮಿತಿ ಹಾಕುವುದು ಅದರ ಪರದೆಯಲ್ಲೇ ಇದೆ. ಅವರು ಹೇಳುವ ಕನಿಷ್ಠ ರ‍್ಯಾಮ್ 6 ಜಿಬಿ, ನೀವು 16 ಇಡಿ. ಮೊದಲು ಹತ್ತು ಅಕೌಂಟ್ ಮಾತ್ರ ಸಾಗಿಸಿ, ಹಳೆಯ ಪಾಸ್‌ವರ್ಡ್ ನಿಜವಾಗಿ ನಡೆಯುತ್ತದೆಯೇ ನೋಡಿ. ಆದರೆ ಒಂದು ಷರತ್ತು. ಆ ಹುಡುಗ ಮೇಲ್ ಲಾಗ್ ಓದಬಲ್ಲನೇ, 'ಈ ಮೇಲ್ ಯಾಕೆ ತಲುಪಲಿಲ್ಲ' ಎಂದರೆ ಹದಿನೈದು ನಿಮಿಷದಲ್ಲಿ ಉತ್ತರ ಹುಡುಕಬಲ್ಲನೇ, ಅವನು ಊರಿಗೆ ಹೋದಾಗ ಇನ್ನೊಬ್ಬನಿಗೂ ಅದು ಬರುತ್ತದೆಯೇ? ಮೂರಕ್ಕೂ ಹೌದು ಎನ್ನಲು ಆಗದಿದ್ದರೆ, ಖರ್ಚಾದರೂ ಸರಿ, ಬಳಕೆಯಲ್ಲಿರುವ ಅಕೌಂಟ್‌ಗಳಷ್ಟನ್ನು ಹೊರಗಿನ ಸೇವೆಗೆ ಕೊಡಿ.

ಎರಡು ಸರ್ವರ್ ಇಟ್ಟು ಒಂದರ ನಕಲು ಇನ್ನೊಂದರಲ್ಲಿ ಇಡುವ ಹಳೆಯ ಟಿಪ್ಪಣಿಗಳನ್ನು ನೋಡಿ ಆಸೆಪಡಬೇಡಿ. ಡವ್‌ಕಾಟ್‌ನ ಉಚಿತ ಆವೃತ್ತಿ 2.4ರಿಂದ ಆ ರೆಪ್ಲಿಕೇಷನ್ ಸೌಲಭ್ಯ ತೆಗೆದುಹಾಕಿದ್ದಾರೆ. ನಿಮಗೆ ಬೇಕಾದ್ದು ಪ್ರತಿ ರಾತ್ರಿಯ ಬ್ಯಾಕಪ್, ಬೇರೆ ಕಟ್ಟಡದಲ್ಲಿ. ಮೂರು ತಿಂಗಳಿಗೊಮ್ಮೆ ಒಂದು ಮೇಲ್‌ಬಾಕ್ಸನ್ನು ಆ ಬ್ಯಾಕಪ್‌ನಿಂದ ಹಿಂದಕ್ಕೆ ತಂದು ನೋಡಿ.

ಕಾನೂನಿನ ಮಾತು ಚುಟುಕಾಗಿ: ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸರ್ವರ್‌ಗೆ ಯಾರಾದರೂ ನುಗ್ಗಿದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಹೊಸ ಸರ್ವರ್ ಕಟ್ಟುವ ದಿನವೇ ಲಾಗ್‌ಗೆ ಡಿಸ್ಕ್ ಜಾಗ ಎತ್ತಿಡಿ.

ಕನ್ನಡದಲ್ಲೇ ವಿಳಾಸ ಬೇಕು ಎಂದು ಕೇಳುವ ಗ್ರಾಹಕರು ಸಿಕ್ಕರೆ ನನಗೆ ಸಂತೋಷ. ಕನ್ನಡ ಲಿಪಿಯ .ಭಾರತ ಡೊಮೈನ್ ಇದೆ, ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದಲೇ ಅಂಥ ವಿಳಾಸ ಒಯ್ಯಬಲ್ಲದು. ಆದರೆ ಅದನ್ನು ಒಪ್ಪದ ಅರ್ಜಿ ಫಾರಂಗಳು ಇನ್ನೂ ತುಂಬ ಇವೆ. ಸದ್ಯಕ್ಕೆ ಇಂಗ್ಲಿಷ್ ವಿಳಾಸದ ಜೊತೆಗೆ ಎರಡನೆಯದಾಗಿ ಕೊಡಿ.

ಸಾಗಿಸುವ ದಿನದ ಬಗ್ಗೆ. ಡಿಎನ್‌ಎಸ್‌ನಲ್ಲಿ, ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಅವಧಿಯನ್ನು (ಟಿಟಿಎಲ್) ಮೂರು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿ. ಐಮ್ಯಾಪ್‌ಸಿಂಕ್ ಎಂಬ ಸಾಧನದಿಂದ ಹಳೆಯ ಮೇಲ್‌ಗಳನ್ನೆಲ್ಲ ಒಂದು ವಾರ ಮುಂಚೆಯೇ ನಕಲು ಮಾಡಿ, ಕೊನೆಯ ರಾತ್ರಿ ಉಳಿದಷ್ಟನ್ನು ಮಾತ್ರ ಮತ್ತೆ ಓಡಿಸಿ. ಪಾಪ್ ಬಳಸುವವರಲ್ಲಿ ಸರ್ವರ್‌ನಲ್ಲೂ ಪ್ರತಿ ಬಿಟ್ಟವರ ಪಟ್ಟಿ ಬೇರೆ ಮಾಡಿ. ಸರ್ವರ್ ಬದಲಾದಾಗ ಮೇಲ್‌ನ ಗುರುತಿನ ಸಂಖ್ಯೆಗಳು ಬದಲಾಗುತ್ತವೆ, ಅವರ ಔಟ್‌ಲುಕ್ ಎಲ್ಲವನ್ನೂ ಹೊಸದೆಂದು ತಿಳಿದು ಮತ್ತೆ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಓದದ ಮೇಲ್ 14,000 ಎಂದು ತೋರಿಸುತ್ತದೆ. ಅವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಜಿಎಸ್‌ಟಿ ರಿಟರ್ನ್ ಕೊನೆಯ ದಿನಗಳನ್ನು, ಅಂದರೆ 11 ಮತ್ತು 20ರ ಆಸುಪಾಸನ್ನು ಬಿಟ್ಟು ದಿನ ಗೊತ್ತುಮಾಡಿ. ಶನಿವಾರ ರಾತ್ರಿ ಒಳ್ಳೆಯದು, ಭಾನುವಾರ ಇಡೀ ದಿನ ಕೈಲಿರುತ್ತದೆ.

ಎಲ್ಲ ದಾಟಿದ ಮೇಲೂ ಹಳೆಯ ಜಿಂಬ್ರಾ ಸರ್ವರ್ ಅಳಿಸಬೇಡಿ. ಇಂಟರ್ನೆಟ್‌ಗೆ ಕಾಣದಂತೆ ಫೈರ್‌ವಾಲ್ ಹಿಂದೆ ಹಾಕಿ, ಮೂರು ತಿಂಗಳು ಹಾಗೆಯೇ ಇರಲಿ. ಮಗನ ಮನೆಗೆ ಹೋದ ಹಿರಿಯರೊಬ್ಬರು ಹಿಂದಿರುಗಿ ಬಂದು, 'ನನ್ನ 2016ರ ಫೋಲ್ಡರ್ ಕಾಣ್ತಿಲ್ವಲ್ಲಪ್ಪ' ಎಂದು ಫೋನ್ ಮಾಡುವುದು ಆ ಮೂರನೇ ತಿಂಗಳಲ್ಲೇ.